ಎಂಟ್ರೆನ್ಸ್ ಅಂಕ ಎಷ್ಟು ಮುಖ್ಯ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕುಮಟಾದಲ್ಲಿ ಪಿಯು ಮಕ್ಕಳಿಗೆ ಗಣಿತ ಕಲಿಸುತ್ತೇನೆ ಅಂತ ಗೊತ್ತಾದರೆ ಸಾಕು, ಮದುವೆಮನೆ ಊಟದ ಪಂಕ್ತಿಯಲ್ಲೂ ಜನ ಕೇಳುತ್ತಾರೆ: "ಮೇಡಂ, ಎಂಟ್ರೆನ್ಸ್ ಅಂಕ ಎಷ್ಟು ಮುಖ್ಯ? ಪಿಯುಸಿಯಲ್ಲಿ ಚೆನ್ನಾಗಿ ತೆಗೆದರೆ ಸಾಲದಾ?" ಅವರು ನಿಜವಾಗಿ ಕೇಳುತ್ತಿರುವುದು ಬೇರೆ. ಮಗಳನ್ನು ಇಲ್ಲೇ ಓದಿಸಬಹುದಾ, ಇಲ್ಲ ಸಾಲ ಮಾಡಿಯಾದರೂ ಮಂಗಳೂರಿಗೋ ಹುಬ್ಬಳ್ಳಿಗೋ ಕಳಿಸಬೇಕಾ?

ಯಾವ ಸೀಟು ಬೇಕು ಅಂತ ನಾನು ತಿರುಗಿ ಕೇಳುತ್ತೇನೆ. ಉತ್ತರ ಇರುವುದೇ ಅಲ್ಲಿ.

ಡಾಕ್ಟರ್ ಆಗಬೇಕಾ? ಹಾಗಾದರೆ ದೇಶಕ್ಕೆಲ್ಲ ಒಂದೇ ಆಗಿರುವ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ ಅಂಕವೇ ಎಲ್ಲ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜಿಗೂ ಅದೇ ದಾರಿ. ಪಿಯುಸಿಯಲ್ಲಿ ವಿಜ್ಞಾನದ ವಿಷಯಗಳಲ್ಲಿ ಶೇ. 50, ಮೀಸಲಾತಿ ಇದ್ದವರಿಗೆ ಶೇ. 40 ಇದ್ದರೆ ಅರ್ಹತೆ ಸಿಕ್ಕಿತು. ಅದಾದ ಮೇಲೆ ಪಿಯುಸಿಯಲ್ಲಿ 98 ಬಂದರೂ ಒಂದೇ, 65 ಬಂದರೂ ಒಂದೇ. ಇದು ಸರಿಯಾ ಅಂತ ಕೇಳಿದರೆ, ನನ್ನ ಮನಸ್ಸು ಒಪ್ಪುವುದಿಲ್ಲ. ಎರಡು ವರ್ಷದ ಓದನ್ನು ಒಂದು ಮಧ್ಯಾಹ್ನ ಅಳೆಯಬಾರದು. ಆದರೆ ನಿಯಮ ಹಾಗಿದೆ.

ರಾಜ್ಯದ ಎಂಜಿನಿಯರಿಂಗ್ ಸೀಟಿನ ಲೆಕ್ಕ ಬೇರೆ. ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕಕ್ಕೆ ಅರ್ಧ ತೂಕ, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಗೆ ಅರ್ಧ. ಒಬ್ಬಳಿಗೆ ಪಿಯುಸಿಯಲ್ಲಿ ಶೇ. 95, ಸಿಇಟಿಯಲ್ಲಿ 180ಕ್ಕೆ 90 ಬಂತು ಅಂದುಕೊಳ್ಳಿ. ಇನ್ನೊಬ್ಬನಿಗೆ ಪಿಯುಸಿ ಶೇ. 80, ಸಿಇಟಿ 117. ಇಬ್ಬರದ್ದೂ ಕೊನೆಗೆ 72.5. ಪಿಯುಸಿಯ ಹದಿನೈದು ಪರ್ಸೆಂಟ್ ಅಂತರವನ್ನು ಸಿಇಟಿಯ 27 ಅಂಕ ಮುಚ್ಚಿತು.

ಆದರೂ ರ‍್ಯಾಂಕ್ ಪಟ್ಟಿಯ ಮೇಲ್ಭಾಗದಲ್ಲಿ ಸಿಇಟಿಯದ್ದೇ ಕೈ ಮೇಲು. ಪಿಯುಸಿಯಲ್ಲಿ ತೊಂಬತ್ತರ ಮೇಲೆ ಮಕ್ಕಳು ಗುಂಪುಗುಂಪಾಗಿ ಇರುತ್ತಾರೆ, ಅವರನ್ನು ಬೇರೆ ಬೇರೆ ಮಾಡುವುದು ಸಿಇಟಿಯೇ. ಹಾಗಂತ ಪಿಯುಸಿಯನ್ನು ಕೈಬಿಟ್ಟು ಬರೀ ಎಂಸಿಕ್ಯೂ (ಸರಿ ಉತ್ತರ ಆರಿಸುವ ಪ್ರಶ್ನೆ) ಬಿಡಿಸುವ ಕೋಚಿಂಗ್ ನೋಡಿದರೆ ನನಗೆ ಸಂಕಟ ಆಗುತ್ತದೆ. ಸಿಇಟಿ ಪಠ್ಯ ಅಂದರೆ ಪಿಯುಸಿ ಎರಡು ವರ್ಷದ ಪಠ್ಯವೇ ಅಲ್ವಾ! ಅಂಕೋಲಾದಲ್ಲೋ ಸಿದ್ದಾಪುರದಲ್ಲೋ ಕೂತು ಆ ಪುಸ್ತಕವನ್ನು ಅರ್ಥ ಮಾಡಿಕೊಂಡು ಓದಿದ ಮಗು ಎರಡೂ ಅರ್ಧಕ್ಕೆ ಒಟ್ಟಿಗೇ ತಯಾರಾಗುತ್ತದೆ. ಇದಕ್ಕಾಗಿ ಹದಿನಾರನೇ ವಯಸ್ಸಿಗೆ ಮನೆ ಬಿಡಿಸಿ ಹಾಸ್ಟೆಲಿಗೆ ಹಾಕಬೇಕಾಗಿಲ್ಲ. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಲಿ. 80 ನಿಮಿಷಕ್ಕೆ 60 ಪ್ರಶ್ನೆ, ಆ ವೇಗ ಅಭ್ಯಾಸದಿಂದ ಮಾತ್ರ ಬರುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಎರಡನ್ನೂ ಬರೆಯುವ ಮಕ್ಕಳು ಈ ವ್ಯತ್ಯಾಸ ಮರೆಯುತ್ತಾರೆ.

ಐಐಟಿಗೆ ಹನ್ನೆರಡನೆಯದರಲ್ಲಿ ಶೇ. 75 (ಎಸ್‌ಸಿ, ಎಸ್‌ಟಿಯವರಿಗೆ ಶೇ. 65) ಇರಬೇಕು, ಇಲ್ಲವೇ ಬೋರ್ಡಿನ ಮೇಲಿನ ಶೇ. 20 ಮಕ್ಕಳಲ್ಲಿ ಒಬ್ಬರಾಗಿರಬೇಕು. ಉಳಿದದ್ದು ಐಐಟಿ, ಎನ್‌ಐಟಿಗಳ ಪ್ರವೇಶ ಪರೀಕ್ಷೆ ಜೆಇಇಯ ರ‍್ಯಾಂಕ್. ಸುರತ್ಕಲ್ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಇದೆ. ಆದರೆ "ಕರ್ನಾಟಕದವರು" ಅಂತ ತೀರ್ಮಾನ ಆಗುವುದು ಹನ್ನೆರಡನೇ ತರಗತಿ ಎಲ್ಲಿ ಪಾಸಾದಿರಿ ಎಂಬುದರ ಮೇಲೆ. ಮಗನನ್ನು ಕೋಚಿಂಗಿಗೆ ಅಂತ ರಾಜಸ್ಥಾನದ ಕೋಟಾ ಊರಿಗೆ ಕಳಿಸಿ ಅಲ್ಲೇ ಹನ್ನೆರಡನೆಯದು ಮುಗಿಸಿದರೆ ಈ ಪಾಲು ಕೈತಪ್ಪುತ್ತದೆ. ಇದನ್ನು ಮೊದಲೇ ಹೇಳುವವರು ಕಡಿಮೆ.

ಇದೇ ಥರದ ಇನ್ನೊಂದು ಸಂಗತಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ತುಂಬಾ ಮುಖ್ಯ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲೇ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ ಶೇ. 5. ಜೋಯಿಡಾದ, ಬನವಾಸಿಯ ಎಷ್ಟೋ ಮಕ್ಕಳಿಗೆ ಇದು ಸಲ್ಲಬೇಕು. ಎಂಟನೇ ತರಗತಿಗೆ ಅಂತ ಪೇಟೆಗೆ ಕರೆತಂದರೆ ಗ್ರಾಮೀಣ ಹಕ್ಕು ಅಲ್ಲಿಗೇ ಮುಗಿಯಿತು. ಅದೇ ಅಂಕಕ್ಕೆ ಸಿಗಬಹುದಾಗಿದ್ದ ಸೀಟು ಸಿಗುವುದಿಲ್ಲ.

ಅಮೆರಿಕದಲ್ಲಿ ನೆಂಟರಿರುವ ಶಿರಸಿ ಕಡೆಯವರು ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ಸ್ಯಾಟ್ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ಅಂಕ ಒಂದು ಭಾಗ ಮಾತ್ರ. ಶಾಲೆಯ ಅಂಕ, ಪ್ರಬಂಧ, ಶಿಕ್ಷಕರ ಪತ್ರ ಎಲ್ಲವನ್ನೂ ನೋಡುತ್ತಾರೆ. ಕೋವಿಡ್ ಸಮಯದಲ್ಲಿ ಬಹಳ ಕಾಲೇಜುಗಳು ಸ್ಯಾಟ್ ಕಡ್ಡಾಯ ಅಲ್ಲ ಅಂದವು. ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಮತ್ತೆ ಬೇಕೆಂದವು. ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿ ಅದನ್ನು ಆಯ್ಕೆಗೆ ನೋಡುವುದೇ ಇಲ್ಲ.

ನಮ್ಮಲ್ಲಿ ಸೀಟು ಕೊಡುವುದು ಅಂಕ ಅಲ್ಲ, ರ‍್ಯಾಂಕ್. ಆದ್ದರಿಂದ ಫಲಿತಾಂಶ ಬಂದ ದಿನ ಪಕ್ಕದ ಮನೆಯವರ ಅಂಕ ಕೇಳಬೇಡಿ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಕಟಾಫ್ (ಸೀಟು ಸಿಕ್ಕ ಕೊನೆಯವರ) ರ‍್ಯಾಂಕ್ ಸಿಗುತ್ತದೆ. ಅದನ್ನು ಮಗುವಿನ ಜೊತೆ ಕೂತು ನೋಡಿ. ಬೆಂಗಳೂರಿನ ಹೆಸರುಗಳ ಕೆಳಗೆ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನೂ ನೋಡಿ, ಅದು ಕಾರವಾರದ ಪಕ್ಕದಲ್ಲೇ ಇದೆ. ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಇಷ್ಟದ ಕ್ರಮದಲ್ಲಿ, ಜಾಸ್ತಿಯೇ ತುಂಬಿಸಿ.