ಮ್ಯೂನಿಕ್‌ನ ಚಳಿಯಲ್ಲಿ ಎಳ್ಳು ಬೀರಿದ ಸಂಕ್ರಾಂತಿ

ಹಳೆ ಮೈಸೂರು ಸೀಮೆಯವರಿಗೆ ಸಂಕ್ರಾಂತಿಯೆಂದರೆ ಎಳ್ಳು ಬೀರುವ ಹಬ್ಬ. ಗೌರಿಯನ್ನೋ ಗಣಪತಿಯನ್ನೋ ಮನೆಯೊಳಗೆ ಕೂರಿಸಿ, ಬಾಗಿಲು ಹಾಕಿಕೊಂಡು, ಗಂಡ, ಹೆಂಡತಿ, ಮಗು ಮೂವರೇ ಪೂಜೆ ಮುಗಿಸಬಹುದು. ಸಂಕ್ರಾಂತಿಯಲ್ಲಿ ಅದು ನಡೆಯುವುದಿಲ್ಲ. ಬೆರೆಸಿದ ಎಳ್ಳು ಬೆಲ್ಲ ಇನ್ನೊಬ್ಬರ ಮನೆಗೆ ಹೋಗಲೇಬೇಕು, ಅವರ ಮನೆಯದು ನಮ್ಮ ತಟ್ಟೆಗೆ ಬರಬೇಕು. ಹಾಗಾಗಿ ಜರ್ಮನಿಗೆ ಬಂದು ನೆಲೆಸಿದ ಮೇಲೆ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿದ ಹಬ್ಬ ಇದೇ. ಊರಿನ ಕನ್ನಡಿಗರೆಲ್ಲ ಸೇರಿ ಯಾವುದಾದರೂ ಶನಿವಾರ ಬಾಡಿಗೆ ಸಭಾಂಗಣದಲ್ಲಿ ನಡೆಸುವ ಸಂಕ್ರಾಂತಿ ನಮಗೆ ತುಂಬ ಬೇಕಾದದ್ದೇ. ಆದರೆ ನಾಲ್ಕು ವರ್ಷದ ಮಗುವಿಗೆ ಹಬ್ಬವು ತನ್ನ ದಿನದಂದೇ, ತನ್ನ ಮನೆಗೇ, ತಾನು ದಿನವೂ ಹತ್ತಿ ಇಳಿಯುವ ಮೆಟ್ಟಿಲುಗಳ ಮೇಲೆಯೇ ಬರಬೇಕೆಂಬುದು ನನ್ನ ಗಟ್ಟಿಯಾದ ನಂಬಿಕೆ. 2025ರ ಜನವರಿ 14 ಮಂಗಳವಾರವಾಗಿತ್ತು. ಇಲ್ಲಿ ಅದು ಎಲ್ಲರಿಗೂ ಕೆಲಸದ ದಿನ. ಆದರೂ ಹಬ್ಬವನ್ನು ವಾರಾಂತ್ಯಕ್ಕೆ ತಳ್ಳದೆ ಅಂದೇ ಮಾಡಿದೆವು.

ತಯಾರಿ ಮಾತ್ರ ಎರಡು ವಾರ ಮೊದಲೇ ಆರಂಭವಾಗಿತ್ತು. ಬಿಳಿ ಎಳ್ಳು, ಹುರಿಗಡಲೆ, ಕಡಲೆಬೀಜ, ಬೆಲ್ಲ ಈ ನಾಲ್ಕೂ ಮ್ಯೂನಿಕ್‌ನ ಮುಖ್ಯ ರೈಲು ನಿಲ್ದಾಣದ ಸುತ್ತಮುತ್ತಲಿನ ಅಂಗಡಿಗಳಲ್ಲಿ ಸಿಗುತ್ತವೆ. ತೊಂದರೆಯಿರುವುದು ಕೊಬ್ಬರಿಯದು. ಇಲ್ಲಿನ ಅಂಗಡಿಗಳಲ್ಲಿ ಬಿಸ್ಕತ್ತಿಗೆ ಹಾಕಲೆಂದು ಮಾರುವ ತೆಂಗಿನ ಪುಡಿ ಎಳ್ಳಿನೊಂದಿಗೆ ಬೆರೆಯುವುದಿಲ್ಲ. ಎಳ್ಳು ಬೆಲ್ಲಕ್ಕೆ ಬೇಕಾದದ್ದು ಗಟ್ಟಿಯಾಗಿ ಒಣಗಿದ, ಕತ್ತರಿಸಿದರೆ ಟಕ್ಕೆಂದು ತುಂಡಾಗುವ ಗಿಟಕು. ತಿಪಟೂರಿನ ಕೊಬ್ಬರಿಯನ್ನು ನನ್ನ ತಾಯಿ ಬೇಸಿಗೆಯಲ್ಲೇ ಕಳುಹಿಸಿದ್ದರು. ಅದರ ಮೇಲಿನ ಕಂದು ಸಿಪ್ಪೆಯನ್ನು ಹೆರೆದು ತೆಗೆದು, ಸಣ್ಣ ಚೂರುಗಳಾಗಿ ಹೆಚ್ಚಿ, ಕಾಗದದ ಮೇಲೆ ಹರಡಿ ಹೀಟರಿನ ಮೇಲಿಟ್ಟೆವು. ಮೈಸೂರಿನಲ್ಲಿ ಇದನ್ನೆಲ್ಲ ಮಹಡಿಯ ಮೇಲೆ ಬಿಸಿಲಿಗೆ ಹಾಕಿ, ಕಾಗೆ ಬರದಂತೆ ಮಕ್ಕಳನ್ನು ಕಾವಲು ಕೂರಿಸುತ್ತಾರೆ. ಇಲ್ಲಿ ಕಾಗೆಯ ಭಯವಿಲ್ಲದಿದ್ದರೂ ಮಗಳು ತಾನಾಗಿಯೇ ಕಾವಲಿಗೆ ಕುಳಿತು, ಕಾವಲಿನ ಕೂಲಿಯೆಂಬಂತೆ ಆಗಾಗ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಚಳಿಗಾಲದಲ್ಲಿ ಬಿಸಿ ಮಾಡಿದ ಮನೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ, ಕೊಬ್ಬರಿ ಊರಿಗಿಂತಲೂ ಚೆನ್ನಾಗಿ ಒಣಗಿತು, ಹೆಚ್ಚಿಟ್ಟ ಬೆಲ್ಲವೂ ಒಂದಕ್ಕೊಂದು ಅಂಟಲಿಲ್ಲ.

ಸಕ್ಕರೆ ಅಚ್ಚಿನ ಕೆಲಸಕ್ಕೆ ಒಂದು ಇಡೀ ಭಾನುವಾರ ಬೇಕಾಯಿತು. ಅತ್ತೆಯವರು ಕೊಟ್ಟ ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಒರೆಸಿ, ಜೋಡಿ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಸಕ್ಕರೆಗೆ ನೀರು ಸೇರಿಸಿ ಕುದಿಸಿ, ಸ್ವಲ್ಪ ಹಾಲು ಹಾಕಿದಾಗ ಮೇಲೆ ಬರುವ ಕೊಳೆಯನ್ನು ತೆಗೆದು, ಬಟ್ಟೆಯಲ್ಲಿ ಶೋಧಿಸಿಕೊಂಡ ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಒಲೆಗಿಟ್ಟು, ಸೌಟಿನಿಂದ ಪಾತ್ರೆಯ ಬದಿಗೆ ತಿಕ್ಕುತ್ತ ಹೋಗಬೇಕು. ಸ್ಫಟಿಕದಂತಿದ್ದ ಪಾಕ ಒಂದು ಹಂತದಲ್ಲಿ ತಟ್ಟನೆ ಬೆಳ್ಳಗಾಗುತ್ತದೆ. ಆ ಗಳಿಗೆಯಲ್ಲೇ ಅಚ್ಚಿಗೆ ಸುರಿಯಬೇಕು. ಮುಂಚೆ ಸುರಿದರೆ ಅಂಟಿಕೊಳ್ಳುತ್ತದೆ, ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಬಿಸಿ ಪಾಕದ ಹತ್ತಿರ ಮಗುವನ್ನು ಬಿಡುವಂತಿಲ್ಲವಾದ್ದರಿಂದ ಅಚ್ಚು ಬಿಡಿಸುವ ಕೆಲಸವನ್ನು ಅವಳಿಗೆಂದೇ ಮೀಸಲಿಟ್ಟೆವು. ಬೃಂದಾವನ ಇಡಿಯಾಗಿ ಬಂತು, ಆನೆ ಸೊಂಡಿಲು ಸಮೇತ ಬಂತು, ಗಿಳಿಯ ಕೊಕ್ಕು ಮಾತ್ರ ಅಚ್ಚಿನಲ್ಲೇ ಉಳಿಯಿತು. ಅದನ್ನು ಅವಳು ಬೆರಳಿನಿಂದ ಕೆದಕಿ ತೆಗೆದು, ಗಿಳಿಯ ಪಕ್ಕದಲ್ಲೇ ಇಟ್ಟು, ಇದು ಈ ಗಿಳಿಯದೇ ಎಂದು ನೋಡಿದವರಿಗೆಲ್ಲ ಹೇಳಿದಳು.

ಮ್ಯೂನಿಕ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿನದು. ಮೈಸೂರಿನಲ್ಲಿ ಅದೇ ದಿನ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಖಗೋಳದ ಲೆಕ್ಕದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಶತಮಾನಗಳಿಂದ ಕೂಡುತ್ತ ಬಂದ ಅಯನಾಂಶದಿಂದಾಗಿ, ಎಂದರೆ ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ನಡುವಿನ ವ್ಯತ್ಯಾಸದಿಂದಾಗಿ, ನಮ್ಮ ಪಂಚಾಂಗದ ಮಕರ ಸಂಕ್ರಮಣ ಅದಾದ ಮೂರು ವಾರಗಳ ನಂತರ ಬರುತ್ತದೆ. ಈ ಮೂರು ವಾರಗಳ ಅಂತರ ಇಲ್ಲಿನ ಮಗುವಿಗೆ ಒಂದು ಉಪಕಾರವನ್ನೇ ಮಾಡುತ್ತದೆ. ಸೂರ್ಯೋದಯ ಆಗಲೂ ಎಂಟರ ಹತ್ತಿರವೇ ಇದ್ದರೂ, ಡಿಸೆಂಬರಿನಲ್ಲಿ ನಾಲ್ಕೂ ಇಪ್ಪತ್ತಕ್ಕೆ ಆಗುತ್ತಿದ್ದ ಸೂರ್ಯಾಸ್ತ ಸಂಕ್ರಾಂತಿಯ ಹೊತ್ತಿಗೆ ನಾಲ್ಕೂ ಮುಕ್ಕಾಲಿನವರೆಗೆ ಜರುಗಿರುತ್ತದೆ. ಶಿಶುವಿಹಾರದಿಂದ ಮನೆಗೆ ಬರುವಾಗ ದಾರಿಯ ದೀಪಗಳು ಇನ್ನೂ ಹತ್ತಿಲ್ಲವೆಂಬುದನ್ನು ಮಗಳೇ ಗಮನಿಸಿ ಹೇಳಿದಳು. ಉತ್ತರಾಯಣವನ್ನು ನಾನು ಚಿಕ್ಕವಳಿದ್ದಾಗ ಹಿರಿಯರ ಬಾಯಿಂದ ಕೇಳಿ ತಿಳಿದಿದ್ದೆ. ಇವಳು ಅದನ್ನು ಬೀದಿಯಲ್ಲಿ ಕಣ್ಣಾರೆ ಕಂಡಳು.

ಅಂದು ಸಂಜೆ ಮೊದಲು ನಡೆದದ್ದು ಹಣ್ಣು ಎರೆಯುವ ಶಾಸ್ತ್ರ. ನಮ್ಮಲ್ಲಿ ಐದು ವರ್ಷ ತುಂಬುವವರೆಗೆ ಮಕ್ಕಳನ್ನು ಸಂಕ್ರಾಂತಿಯಂದು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ತುಂಡು, ಎಳ್ಳು ಬೆಲ್ಲ, ಚಿಲ್ಲರೆ ಕಾಸುಗಳನ್ನು ಬೆರೆಸಿ, ಸೇರಿನಲ್ಲಿ ತುಂಬಿ ತಲೆಯ ಮೇಲಿಂದ ಸುರಿದು, ಆರತಿ ಎತ್ತುತ್ತಾರೆ. ಕಬ್ಬು ಇಲ್ಲಿನ ಏಷ್ಯಾ ಅಂಗಡಿಯಲ್ಲಿ ಸಿಪ್ಪೆ ಸುಲಿದು ಹೆಪ್ಪುಗಟ್ಟಿಸಿದ ರೂಪದಲ್ಲಿ ಸಿಕ್ಕಿತು. ಎಲಚಿಯ ಬದಲು ಅದೇ ಅಂಗಡಿಯಲ್ಲಿದ್ದ, ಚೀನಾದವರು ಬಳಸುವ ಒಣಗಿದ ಕೆಂಪು ಜುಜುಬೆ ಹಣ್ಣನ್ನು ತಂದೆವು. ಅದು ನಮ್ಮ ಎಲಚಿಯ ಕುಲದ್ದೇ, ಆದ್ದರಿಂದ ಮನಸ್ಸಿಗೆ ಸಮಾಧಾನವಾಯಿತು. ಕಾಸಿನ ಜಾಗದಲ್ಲಿ ಯೂರೋ ಸೆಂಟುಗಳು ಬಂದವು. ಮೈಸೂರಿನಲ್ಲಿ ಆಗ ರಾತ್ರಿ ಒಂಬತ್ತಾಗಿತ್ತು. ನಮಗೂ ಅವರಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಬೇಗ ಮಲಗುವ ಅಭ್ಯಾಸದ ಅಜ್ಜಿ ಅಂದು ಫೋನಿನ ಮುಂದೆ ರೇಷ್ಮೆ ಸೀರೆಯುಟ್ಟು ಕುಳಿತಿದ್ದರು. "ಮೂರು ಸಲ ಎರೀಬೇಕಮ್ಮಾ, ಮೆತ್ತಗೆ, ಕಾಸು ಕಣ್ಣಿಗೆ ಬಿದ್ದೀತು" ಎಂದು ಎಚ್ಚರಿಸುತ್ತಲೇ ಆರತಿ ಹಾಡು ಎತ್ತಿಕೊಂಡರು. ಸೇರು ಬರಿದಾಗುವ ಮೊದಲೇ ಮಗಳು ಮಣೆಯಿಂದೆದ್ದು ಕಾಸು ಆಯಲು ಹೊರಟಳು. ಊರಿನಲ್ಲಾದರೆ ಸುತ್ತ ನಿಂತ ಮಕ್ಕಳೆಲ್ಲ ನುಗ್ಗಿ ಆಯ್ದುಕೊಳ್ಳುತ್ತಾರೆ. ಇಲ್ಲಿ ಅವಳೊಬ್ಬಳೇ ಇದ್ದಳು. ಸೋಫಾದ ಕೆಳಗೆ ಉರುಳಿದ ಸೆಂಟನ್ನು ಹುಡುಕಲು ಅವಳ ಅಪ್ಪನೂ ನೆಲಕ್ಕೆ ಬಗ್ಗಿದರು. ನನಗೆ ಆ ಹೊತ್ತು ಸಂಕಟವಾಯಿತು. ಶಾಸ್ತ್ರದಲ್ಲಿ ಎರೆಯುವವರಷ್ಟೇ ಆಯುವವರೂ ಬೇಕು.

ಬೀರುವ ಕೆಲಸಕ್ಕೆ ಇಲ್ಲಿ ಊರಿನಲ್ಲಿಲ್ಲದ ಒಂದು ಎಚ್ಚರ ಬೇಕು. ಯೂರೋಪಿನ ಒಕ್ಕೂಟದ ನಿಯಮದ ಪ್ರಕಾರ ಆಹಾರದ ಪೊಟ್ಟಣದ ಮೇಲೆ ತಪ್ಪದೆ ನಮೂದಿಸಬೇಕಾದ 14 ಅಲರ್ಜಿಕಾರಕಗಳಲ್ಲಿ ಕಡಲೆಕಾಯಿಯೂ ಇದೆ, ಎಳ್ಳೂ ಇದೆ. ಎಂದರೆ ನಾವು ಒಳ್ಳೆಯ ಮಾತಿನ ಜೊತೆಗೆ ಕೊಡುವ ಪದಾರ್ಥವೇ ಇನ್ನೊಬ್ಬರ ಮಗುವಿಗೆ ಅಪಾಯವಾಗಬಹುದು. ಶಿಶುವಿಹಾರದಲ್ಲಿ ಕಡಲೆಕಾಯಿ ತರುವಂತಿಲ್ಲವಾದ್ದರಿಂದ ಅಲ್ಲಿಗೆ ಏನನ್ನೂ ಕಳುಹಿಸಲಿಲ್ಲ. ಮನೆಗಳಿಗೆ ಕೊಡುವ ಪೊಟ್ಟಣಗಳ ಮೇಲೆ ಐದೂ ಪದಾರ್ಥಗಳ ಹೆಸರನ್ನು ಜರ್ಮನ್ ಭಾಷೆಯಲ್ಲಿ ಬರೆದು ಅಂಟಿಸಿದೆವು. ಹೆಸರುಗಳ ಸುತ್ತ ಮಗಳು ಹಳದಿ ಬಣ್ಣದಲ್ಲಿ ಸೂರ್ಯನನ್ನು ಬರೆದಳು.

ಹಸಿರು ಲಂಗ ತೊಟ್ಟು ತಟ್ಟೆ ಹಿಡಿದು ಹೊರಟ ಮಗುವನ್ನು ಕಂಡು ನಮ್ಮ ಕಟ್ಟಡದವರು ಆಶ್ಚರ್ಯಪಡುತ್ತಾರೆಂದು ಎಣಿಸಿದ್ದೆ, ಹಾಗಾಗಲಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಜನವರಿ 6, ನಕ್ಷತ್ರವನ್ನು ಹಿಂಬಾಲಿಸಿ ಶಿಶು ಯೇಸುವನ್ನು ಕಾಣಲು ಬಂದ, ರಾಜರೆಂದೂ ಕರೆಯುವ ಮೂವರು ಜ್ಞಾನಿಗಳ ಹಬ್ಬದ ರಜಾದಿನ. ಆ ದಿನಗಳಲ್ಲಿ ಮಕ್ಕಳು ರಾಜರಂತೆ ಕಿರೀಟ ತೊಟ್ಟು, ಕೋಲಿಗೆ ಕಟ್ಟಿದ ನಕ್ಷತ್ರ ಹಿಡಿದು, ಮನೆಮನೆಯ ಮುಂದೆ ಹಾಡಿ, ಬಡ ಮಕ್ಕಳಿಗಾಗಿ ಕಾಣಿಕೆ ಎತ್ತುತ್ತಾರೆ. ಕ್ರಿಸ್ತನು ಈ ಮನೆಯನ್ನು ಹರಸಲಿ ಎಂಬ ಲ್ಯಾಟಿನ್ ಹಾರೈಕೆಯ ಮೊದಲಕ್ಷರಗಳಾದ ಸಿ, ಎಂ, ಬಿಗಳನ್ನು ಆ ವರ್ಷದ ಅಂಕಿಗಳ ನಡುವೆ ಸೀಮೆಸುಣ್ಣದಿಂದ ಬಾಗಿಲ ಮೇಲೆ ಬರೆದುಹೋಗುತ್ತಾರೆ. ಕೆಳಮನೆಯ ವೃದ್ಧೆಯ ಬಾಗಿಲ ಮೇಲೆ ಆ ಬರಹ ಇನ್ನೂ ಹೊಸದಾಗಿತ್ತು. ಜನವರಿಯ ಚಳಿಯಲ್ಲಿ ಅಲಂಕರಿಸಿಕೊಂಡ ಮಗು ಬಂದು ಬಾಗಿಲು ತಟ್ಟುವುದು ಆಕೆಗೆ ಬಾಲ್ಯದಿಂದಲೂ ಗೊತ್ತಿದ್ದ ಸಂಗತಿ. ಆಕೆ ಪೊಟ್ಟಣವನ್ನು ಎರಡೂ ಕೈಯಿಂದ ತೆಗೆದುಕೊಂಡು, ಕ್ರಿಸ್‌ಮಸ್‌ಗೆ ಮಾಡಿದ್ದ ಬಿಸ್ಕತ್ತುಗಳನ್ನು ಅದೇ ತಟ್ಟೆಗೆ ಹಾಕಿ ಕೊಟ್ಟರು. ಎಳ್ಳು ಬೀರಲು ಹೋದ ತಟ್ಟೆ ಬರಿದಾಗಿ ಮರಳಬಾರದೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಎದುರು ಮನೆಯಲ್ಲಿರುವುದು ಟರ್ಕಿ ಮೂಲದ ಕುಟುಂಬ. ಆ ಮನೆಯಾಕೆ ಪೊಟ್ಟಣ ಬಿಚ್ಚಿ, ಎಳ್ಳು ಮತ್ತು ಬೆಲ್ಲವನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಇದು ನಮ್ಮಲ್ಲೂ ಇದೆ ಎಂದು ಒಳಗೆ ಕರೆದರು. ಅರೆದ ಎಳ್ಳಿಗೆ ದ್ರಾಕ್ಷಿರಸವನ್ನು ಕುದಿಸಿ ಇಳಿಸಿದ ಪಾಕ ಬೆರೆಸಿ, ಬ್ರೆಡ್ಡಿಗೆ ಹಚ್ಚಿ, ಚಳಿಗಾಲದ ಬೆಳಗಿನಲ್ಲಿ ಮೈ ಬೆಚ್ಚಗಿರಲೆಂದು ಮಕ್ಕಳಿಗೆ ಕೊಡುವುದು ಅವರ ರೂಢಿ. ನನ್ನ ಅಜ್ಜಿಯೂ ಎಳ್ಳು ತಿನ್ನಿಸುವಾಗ ಹೇಳುತ್ತಿದ್ದ ಕಾರಣ ಅದೇ. ನಮ್ಮ ಬಟ್ಟಲಿನಲ್ಲಿ ಅವರ ಎಳ್ಳುಪಾಕ ಹಾಕಿಸಿಕೊಂಡು ಬಂದೆವು. ಅಂದು ರಾತ್ರಿಯ ಊಟದಲ್ಲಿ ಅವರೆಕಾಳಿನ ಖಾರದ ಹುಗ್ಗಿ, ಸಿಹಿ ಹುಗ್ಗಿಗಳ ಜೊತೆಗೆ ಅದನ್ನೂ ಬಡಿಸಿದೆ.

ಆ ಮನೆಯಲ್ಲಿ ಎರಡು ವರ್ಷದ ಗಂಡುಮಗುವಿದೆ. ಅವನಿಗೆ ಯಾಕೆ ಹಣ್ಣು ಎರೆಯಲಿಲ್ಲ, ಅವನೂ ಚಿಕ್ಕವನೇ ಅಲ್ಲವೇ ಎಂದು ಮಗಳು ಊಟದ ನಡುವೆ ಕೇಳಿದಳು. ಮರುದಿನ ಮೆಟ್ಟಿಲ ಬಳಿ ಸಿಕ್ಕ ಆ ತಾಯಿಗೆ ಶಾಸ್ತ್ರವನ್ನು ವಿವರಿಸಿದಾಗ, ಮುಂದಿನ ಸಲ ತಪ್ಪದೆ ಕರೆಯಬೇಕೆಂದು ಅವರೇ ಕೇಳಿಕೊಂಡರು. ಅಷ್ಟು ಸಣ್ಣ ಮಕ್ಕಳಿಗೆ ಇಡಿಯ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಆ ಸೇರಿನಲ್ಲಿ ಕಡಲೆಬೀಜವನ್ನು ಬಿಟ್ಟುಬಿಡುವುದೆಂದೂ, ಕಾಸುಗಳನ್ನು ದೊಡ್ಡವರೇ ಎಣಿಸಿ ಹಾಕಿ ಎಣಿಸಿ ತೆಗೆಯುವುದೆಂದೂ ನಾವಿಬ್ಬರೂ ಅಲ್ಲೇ ನಿಂತು ಮಾತಾಡಿಕೊಂಡೆವು. ಇನ್ನೊಂದು ಮಣೆ ಬೇಕೆಂದು ಅಂದೇ ಮೈಸೂರಿಗೆ ಫೋನ್ ಮಾಡಿದೆ.