ಕರೆಂಟ್ ಮುಗಿದ ಮೇಲಿನ ಎರಡು ವಾರ

ನಮ್ಮ ಊರ ಕಡೆ ರೇಡಿಯೇಷನ್‌ಗೆ ‘ಕರೆಂಟ್ ಕೊಡೋದು’ ಅಂತಾರೆ. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಕೀಮೋನೂ ಮುಗಿದು, ಇನ್ನು 25 ಸಲ ಕರೆಂಟ್ ಅಂತ ಡಾಕ್ಟರ್ ಬರೆದುಕೊಟ್ಟಾಗ ಅವರು ಅರಸೀಕೆರೆಯಿಂದ ಬಂದು ಬೆಂಗಳೂರಿನ ನಮ್ಮ ಮನೆಯಲ್ಲೇ ಉಳಿದರು. ವಾರಕ್ಕೆ ಐದು ದಿನ, ಐದು ವಾರ. ಮೊದಲ ದಿನ ದಾರಿಯಲ್ಲಿ ಕೇಳಿದ್ದು ಒಂದೇ ಮಾತು: “ಶಾಕ್ ಹೊಡೆಯುತ್ತೇನೇ?”

ಹೊಡೆಯುವುದಿಲ್ಲ. ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನಾವು ಮೈಮರೆತದ್ದು.

ಚರ್ಮದ ಅಡಿ ಪದರದಲ್ಲಿ ಹೊಸ ಜೀವಕೋಶ ಹುಟ್ಟುತ್ತಾ ಮೇಲೆ ಬರುತ್ತಿರುತ್ತವೆ, ಮೇಲಿನವು ಉದುರುತ್ತಿರುತ್ತವೆ. ರೇಡಿಯೇಷನ್ ಪೆಟ್ಟು ಬೀಳುವುದು ಹುಟ್ಟುವ ಜಾಗಕ್ಕೆ. ಅಂಗಡಿಗೆ ಹೊಸ ಸರಕು ಬರುವುದು ನಿಂತರೂ ಇರುವ ದಾಸ್ತಾನಿನಲ್ಲಿ ಸ್ವಲ್ಪ ದಿನ ವ್ಯಾಪಾರ ನಡೆಯುತ್ತದಲ್ವಾ, ಹಾಗೆ. ಎರಡು ಮೂರು ವಾರ ಕಳೆದ ಮೇಲೆ ಚರ್ಮ ಕೆಂಪಾಗುತ್ತೆ ಅಥವಾ ಕಪ್ಪಾಗುತ್ತೆ, ತುರಿಸುತ್ತೆ, ಹೊಟ್ಟು ಏಳುತ್ತೆ. ಕಂಕುಳು, ಸ್ತನದ ಕೆಳಗಿನ ಮಡಿಕೆ, ಹೀಗೆ ಚರ್ಮಕ್ಕೆ ಚರ್ಮ ಉಜ್ಜುವ ಕಡೆ ಸುಲಿದು ನೀರೂ ಒಸರಬಹುದು.

ಮೊದಲ ಜಗಳ ಸ್ನಾನದ್ದು. ಐದು ವಾರ ಆ ಜಾಗಕ್ಕೆ ನೀರೇ ಸೋಕಿಸಬಾರದು ಅಂತ ನೆಂಟರೊಬ್ಬರು ಹೇಳಿದ್ದರು. ಹಿಂದೆ ಆಸ್ಪತ್ರೆಗಳಲ್ಲೂ ಹಾಗೇ ಹೇಳುತ್ತಿದ್ದರಂತೆ. ಈಗ ಹಾಗಿಲ್ಲ. ಉಗುರುಬೆಚ್ಚಗಿನ ನೀರು, ಘಾಟಿಲ್ಲದ ಮೆದು ಸೋಪು, ಕೈಯಲ್ಲೇ ಹಗುರವಾಗಿ ತೊಳೆಯುವುದು. ಉಜ್ಜುವ ಹಾಗಿಲ್ಲ, ಹಳೇ ಪಂಚೆಯಿಂದ ಒತ್ತಿ ಒತ್ತಿ ಒರೆಸುವುದು. ಕರೆಂಟ್ ಎಲ್ಲಿಗೆ ಬೀಳಬೇಕು ಅಂತ ಗುರುತಿಗೆ ಟೆಕ್ನಿಷಿಯನ್ ಮೈಮೇಲೆ ಹಾಕಿದ ಗೆರೆಗಳು ಮಾತ್ರ ಅಳಿಸಬಾರದು.

ಎರಡನೆಯದು ಅರಿಶಿನ. ಅಜ್ಜಿ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಬಟ್ಟಲು ಹಿಡಿದು ನಿಂತಿದ್ದರು, ಪಕ್ಕದ ಮನೆಯವರು ಕುಂಡದಿಂದ ಲೋಳೆಸರ ಮುರಿದು ತಂದುಕೊಟ್ಟರು. ಬೇಡ ಅನ್ನೋದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು! ಲೋಳೆಸರವನ್ನು ಎಷ್ಟೋ ಸಲ ಪರೀಕ್ಷೆ ಮಾಡಿ ನೋಡಿದ್ದಾರೆ, ಇದಕ್ಕೆ ಉಪಯೋಗ ಅಂತ ಸಾಬೀತಾಗಿಲ್ಲ. ನಮ್ಮ ಡಾಕ್ಟರ್ ಮೊದಲ ದಿನದಿಂದಲೇ ಮೊಮೆಟಾಸೋನ್ ಕ್ರೀಮ್ ಬರೆದಿದ್ದರು. ಅದು ಸ್ಟೀರಾಯ್ಡ್, ಹೆದರಬೇಡಿ, ಚರ್ಮದ ಉರಿ ಜಾಸ್ತಿಯಾಗದಂತೆ ತಡೆಯುತ್ತೆ ಅನ್ನುವುದಕ್ಕೆ ಒಳ್ಳೆ ಪುರಾವೆ ಇದೆ. ಹಾಗಂತ ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಂದು ಹಚ್ಚಬೇಡಿ. ನಾವು ದಿನದ ಕರೆಂಟ್ ಮುಗಿದ ಮೇಲೆ ತೆಳ್ಳಗೆ ಹಚ್ಚುತ್ತಿದ್ದೆವು. ಕ್ರೀಮ್ ದಪ್ಪಗೆ ಮೆತ್ತಿಕೊಂಡು ಮೆಷಿನ್ ಕೆಳಗೆ ಮಲಗಿದರೆ ಚರ್ಮಕ್ಕೆ ಬೀಳುವ ಡೋಸ್ ಏರುತ್ತದೆ.

ಆಮೇಲೆ ತಾಳಿ ಸರ. ಅದು ಸರಿಯಾಗಿ ಆ ಜಾಗಕ್ಕೇ ಉಜ್ಜುತ್ತಿತ್ತು, ಚಿಕ್ಕಮ್ಮ ತೆಗೆಯಲು ಸುತರಾಂ ಒಪ್ಪಲಿಲ್ಲ. ಕೊನೆಗೆ ಚಿಕ್ಕಪ್ಪನೇ ಫೋನಿನಲ್ಲಿ “ತೆಗೆದಿಡೇ, ನಾನೆಲ್ಲೂ ಓಡಿಹೋಗಲ್ಲ” ಅಂದ ಮೇಲೆ ಅದು ಅಮ್ಮನ ಬೀರು ಸೇರಿತು. ಬ್ರಾ ಬಿಟ್ಟರು, ಬಿಗಿ ಬ್ಲೌಸ್ ಬಿಟ್ಟರು. ನನ್ನ ತಮ್ಮನ ಹಳೇ ಕಾಟನ್ ಶರ್ಟು ಹಾಕಿಕೊಂಡೇ ಐದು ವಾರ ಕಳೆದರು. ಕಂಕುಳಿಗೆ ರೇಜರ್ ಇಲ್ಲ, ಉರಿ ಅಂತ ಐಸ್ ಇಡುವುದೂ ಇಲ್ಲ.

ಇಷ್ಟೆಲ್ಲಾ ಮಾಡಿದ್ದಕ್ಕೆ 25 ದಿನವೂ ಚರ್ಮ ಬರೀ ಕಪ್ಪಾಯಿತು ಅಷ್ಟೇ. ಕೊನೇ ದಿನ ಟೆಕ್ನಿಷಿಯನ್‌ಗಳಿಗೆ ಮೈಸೂರುಪಾಕ್ ಕೊಟ್ಟು ಬಂದೆವು. ಒಂದು ತಿಂಗಳು ಬಿಟ್ಟು ಬನ್ನಿ ಅಂದರು.

ನನಗೆ ಇವತ್ತಿಗೂ ಸಿಟ್ಟಿರುವುದು ಇಲ್ಲೇ. ಚರ್ಮದ ತೊಂದರೆ ಜೋರಾಗುವುದು ಎಷ್ಟೋ ಜನಕ್ಕೆ ಕರೆಂಟ್ ಮುಗಿದ ಮೇಲೆ, ಮೊದಲ ಒಂದೆರಡು ವಾರದಲ್ಲಿ. ಆ ಆಸ್ಪತ್ರೆಯಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ. ಎಲ್ಲಾ ಮುಗಿಯಿತು ಅಂತ ಚಿಕ್ಕಮ್ಮ ಕ್ರೀಮ್ ನಿಲ್ಲಿಸಿ, ರೇಷ್ಮೆ ಬ್ಲೌಸ್ ಹಾಕಿಕೊಂಡು ಗೃಹಪ್ರವೇಶಕ್ಕೆ ಹೋಗಿ, ಬೆವರಿನಲ್ಲಿ ಇಡೀ ದಿನ ಓಡಾಡಿದರು. ಎಂಟನೇ ದಿನ ಬೆಳಗ್ಗೆ ನೋಡಿದರೆ ಕಂಕುಳು ಸುಲಿದು ಹಸಿಯಾಗಿ ಬಟ್ಟೆಗೆ ಅಂಟಿಕೊಂಡಿತ್ತು. ಮತ್ತೆ ಆಸ್ಪತ್ರೆಗೆ ಓಡಿದೆವು. ನರ್ಸ್ ಸಲೈನ್‌ನಲ್ಲಿ ತೊಳೆದು ಗಾಯಕ್ಕೆ ಅಂಟದಂಥ ಡ್ರೆಸ್ಸಿಂಗ್ ಹಾಕಿದರು. ಜ್ವರ ಬಂದರೆ, ಕೀವು ಆದರೆ, ವಾಸನೆ ಬಂದರೆ ಕಾಯಬೇಡಿ, ಅವತ್ತೇ ಬನ್ನಿ ಅಂದರು. ಒಣಗಲು ಮೂರು ವಾರ ಹಿಡಿಯಿತು.

ಆಮೇಲೆ ಓದಿ ತಿಳಿದದ್ದು ಎರಡು ಸಂಗತಿ. ಚರ್ಮದ ಮೇಲೆ ಮೊದಲ ದಿನದಿಂದಲೇ ಅಂಟಿಸುವ ತೆಳು ಸಿಲಿಕೋನ್ ಫಿಲ್ಮ್ ಇದೆ. ದುಬಾರಿ, ಆದರೆ ಸ್ತನ ಕ್ಯಾನ್ಸರಿನವರಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಇನ್ನೊಂದು, 25ರ ಬದಲು ಮೂರು ವಾರದಲ್ಲಿ 15 ಸಲ ಕೊಡುವ ಪದ್ಧತಿಯೂ ಇದೆ, ಅದರಲ್ಲಿ ಚರ್ಮಕ್ಕೆ ಪೆಟ್ಟು ಕಡಿಮೆ. ನಿಮ್ಮವರಿಗೆ ಇವೆರಡೂ ಹೊಂದುತ್ತವಾ ಅಂತ ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ. ಜೊತೆಗೆ, ಮುಗಿದ ಎರಡನೇ ವಾರಕ್ಕೆ ಒಂದು ಚೆಕಪ್ ಡೇಟನ್ನೂ ಬರೆಸಿಕೊಂಡೇ ಬನ್ನಿ.

ಚಿಕ್ಕಮ್ಮ ಊರಿಗೆ ಹೋಗುವ ದಿನ ಬೀರುವಿನಿಂದ ತಾಳಿ ಸರ ತೆಗೆಸಿಕೊಂಡರು. ಬ್ಲೌಸಿನ ಒಳಗೆ ಬಿಟ್ಟುಕೊಳ್ಳಲಿಲ್ಲ, ಈಗಲೂ ಹೊರಗೇ ಇರುತ್ತೆ.