‘ಎಲ್ಲಿ ಸಿಕ್ಕಿತು?’ ಅನ್ನೋ ಕಾಲಂ

ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವುದು ನನ್ನ ಕೆಲಸ. ಬೋಟು ಬಂದ ಕೂಡಲೇ ಯಾವ ಮೀನು, ಎಷ್ಟು ಬುಟ್ಟಿ, ಯಾವ ಬಲೆ ಅಂತ ಬರೆದುಕೊಳ್ಳುತ್ತೇನೆ. ಒಂದಿಷ್ಟು ಮೀನನ್ನು ಹಲಗೆ ಮೇಲೆ ಮಲಗಿಸಿ ಉದ್ದ ಅಳೆಯುತ್ತೇನೆ. ಇದೆಲ್ಲ ಸಲೀಸು. ತಲೆನೋವು ಇರುವುದು ಒಂದೇ ಕಾಲಂನಲ್ಲಿ: ಎಲ್ಲಿ ಸಿಕ್ಕಿತು?

“ಸಮುದ್ರದಲ್ಲೇ ತಂಗಿ, ಮತ್ತೆಲ್ಲಿ?” ಅಂತ ಬೋಟು ನಡೆಸುವ ತಾಂಡೇಲರು ನಗುತ್ತಾರೆ. ಒಳ್ಳೆ ಜಾಗವನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ? ಜೊತೆಗೆ ಗಡಿಯ ಅಂಜಿಕೆ ಬೇರೆ. ಮಾಜಾಳಿ ದಾಟಿದರೆ ಗೋವಾ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ಆಯಾ ರಾಜ್ಯದ್ದು, ಅಲ್ಲಿಂದ 200ರವರೆಗೆ ಕೇಂದ್ರದ್ದು. ಕಾರವಾರದ ಮಗ್ಗುಲಲ್ಲೇ ಇರುವ ಅಂಜದೀವ್ ನಡುಗಡ್ಡೆ ಗೋವಾಕ್ಕೆ ಸೇರಿದ್ದು ಅಂದರೆ ಹೊರಗಿನವರು ನಂಬುವುದೇ ಇಲ್ಲ. ಹೀಗಿರುವಾಗ ಜಾಗದ ಹೆಸರು ಹೇಳಿ ಸಿಕ್ಕಿಬೀಳಲು ಯಾರಿಗೆ ಇಷ್ಟ?

ಅದಕ್ಕೇ ನಾನು ‘ಎಲ್ಲಿ’ ಅಂತ ಕೇಳುವುದನ್ನು ಬಿಟ್ಟೆ. ಎಷ್ಟು ಮಾರು ನೀರು? ಬಡಗಲಿಗೋ ತೆಂಕಲಿಗೋ? ವಾಪಸ್ ಬರಲು ಎಷ್ಟು ತಾಸು? ಇಷ್ಟು ಕೇಳಿದರೆ ಜಾಗ ಸುಮಾರಾಗಿ ಗೊತ್ತಾಗುತ್ತದೆ, ಅವರ ಗುಟ್ಟೂ ಉಳಿಯುತ್ತದೆ. ಉಳಿದದ್ದನ್ನು ಮೀನೇ ಹೇಳುತ್ತದೆ. ಮೀನಿನ ಹಿಂಡನ್ನು ಮೇಲ್ನೀರಿನಲ್ಲೇ ಸುತ್ತುವರಿಯುವ ಪರ್ಸಿನ್ ಬಲೆಯ ಬಂಗಡೆ ಫಳಫಳ ಹೊಳೆಯುತ್ತದೆ. ತಳದಲ್ಲಿ ಎಳೆಯುವ ಟ್ರಾಲ್ ಬಲೆಯಲ್ಲಿ ಬಂದದ್ದರ ಮೈ ಉಜ್ಜಿರುತ್ತದೆ, ಕಿವಿರಿನಲ್ಲಿ ಕೆಸರು, ಜೊತೆಗೆ ತಳದ ರಾಣಿ ಮೀನು.

ಇದರಲ್ಲೇನು ಅಂಥ ವಿಶೇಷ ಅಂತೀರಾ? ಬಂಗಡೆ ಮೇಲ್ನೀರಿನ ಮೀನು ಅಂತಲೇ ನಾವೆಲ್ಲ ಕಲಿತದ್ದು. 1985–89ರಲ್ಲಿ ದೇಶದಲ್ಲಿ ಹಿಡಿದ ಬಂಗಡೆಯಲ್ಲಿ ತಳದ ಟ್ರಾಲ್‌ಗೆ ಬಿದ್ದದ್ದು ಶೇ. 2ರಷ್ಟು. 2003–07ರ ಹೊತ್ತಿಗೆ ಅದು ಶೇ. 15ರಷ್ಟಾಯಿತು. ಮೇಲಿನ ನೀರು ಬಿಸಿಯಾಗಿ ಮೀನು ಕೆಳಗಿಳಿಯುತ್ತಿದೆ ಅಂತಾರೆ ವಿಜ್ಞಾನಿಗಳು. ಬಲೆಗಳೂ ಬದಲಾಗಿವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನೋದು ನನ್ನ ಅನಿಸಿಕೆ.

ತಾರ್ಲೆಯ (ಬೂತಾಯಿ ಮೀನಿನ) ಕಥೆ ಇನ್ನೂ ದೊಡ್ಡದು. 1985ರವರೆಗೆ ಹೆಚ್ಚುಕಡಿಮೆ ಎಲ್ಲ ತಾರ್ಲೆಯೂ ಸಿಗುತ್ತಿದ್ದದ್ದು 8ರಿಂದ 14 ಡಿಗ್ರಿ ಅಕ್ಷಾಂಶದ ನಡುವೆ. 14 ಅಂದರೆ ಭಟ್ಕಳದ ಹತ್ತಿರ; ಕಾರವಾರ ಅದಕ್ಕಿಂತ ಬಡಗಲಿಗಿದೆ. ಆಮೇಲೆ ತಾರ್ಲೆ ಉತ್ತರಕ್ಕೂ ಹಬ್ಬಿತು, ಪೂರ್ವ ಕರಾವಳಿಗೂ ಹೋಯಿತು. ಇತ್ತ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದದ್ದು 2021ರಲ್ಲಿ ಬರೀ 3,297 ಟನ್‌ಗೆ ಇಳಿಯಿತು. ಕೇರಳದ ಪುಸ್ತಕವೊಂದನ್ನೇ ನೋಡಿದರೆ ಮೀನು ಕಡಿಮೆಯಾಯಿತೋ ಬೇರೆ ಕಡೆ ಹೋಯಿತೋ ಗೊತ್ತಾಗುವುದಿಲ್ಲ. ನನ್ನ ಪುಸ್ತಕವೊಂದನ್ನೇ ನೋಡಿದರೂ ಅಷ್ಟೇ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಏನಾದರೂ ಹೇಳಬಹುದು.

ಇಡದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಅಟ್ಲಾಂಟಿಕ್ ಕಡೆ ನೋಡಿ. ನಮ್ಮ ಬಂಗಡೆಯ ದೂರದ ಸಂಬಂಧಿಯೊಂದು 2007ರ ಸುಮಾರಿಗೆ ಐಸ್‌ಲ್ಯಾಂಡ್ ನೀರಿಗೆ ದಂಡಿಯಾಗಿ ಬಂತು. ‘ನಮ್ಮಲ್ಲಿಗೆ ಬಂದದ್ದು ನಮ್ಮದು’ ಅಂದರು ಅವರು. ‘ಹಿಂದಿನಿಂದ ಹಿಡಿಯುತ್ತಿದ್ದವರು ನಾವು’ ಅಂದರು ನಾರ್ವೆ, ಯುರೋಪಿಯನ್ ಒಕ್ಕೂಟದವರು. ಒಬ್ಬೊಬ್ಬರೂ ತಮ್ಮ ಪಾಲನ್ನು ತಾವೇ ಬರೆದುಕೊಂಡರು. ಕೂಡಿಸಿದರೆ ವಿಜ್ಞಾನಿಗಳು ಹೇಳಿದ್ದಕ್ಕಿಂತ ಜಾಸ್ತಿ. 2012ರಲ್ಲಿ ಆ ಮೀನಿಗಿದ್ದ ಸುಸ್ಥಿರತೆಯ ಸರ್ಟಿಫಿಕೇಟ್ ಅಮಾನತಾಯಿತು, 2019ರಲ್ಲಿ ಮತ್ತೊಮ್ಮೆ.

ಪೆಸಿಫಿಕ್‌ನ ಪುಟ್ಟ ದೇಶಗಳೇ ಜಾಣರು. ನೌರು ಒಪ್ಪಂದ ಅಂತ 1982ರಲ್ಲಿ ಮಾಡಿಕೊಂಡರು, ಈಗ ಅದರಲ್ಲಿ 8 ದೇಶಗಳಿವೆ. ಎಲ್ ನಿನೋ ವರ್ಷಗಳಲ್ಲಿ ಟ್ಯೂನಾ ಪೂರ್ವಕ್ಕೆ, ಕಿರಿಬಾತಿ ಕಡೆಗೆ ಸರಿಯುತ್ತದೆ. ಲಾ ನಿನಾ ಬಂದರೆ ಪಶ್ಚಿಮಕ್ಕೆ, ಪಪುವಾ ನ್ಯೂಗಿನಿ ಕಡೆಗೆ. ಇವರು ಮೀನನ್ನು ಹಂಚಿಕೊಳ್ಳುವುದಿಲ್ಲ, ಬೋಟು ಮೀನು ಹಿಡಿಯುವ ದಿನಗಳನ್ನು ಹಂಚಿಕೊಳ್ಳುತ್ತಾರೆ. ಒಂದು ದೇಶ ತನ್ನಲ್ಲಿ ಉಳಿದ ದಿನಗಳನ್ನು ಇನ್ನೊಂದಕ್ಕೆ ಮಾರಬಹುದು. ಮೀನು ಯಾವ ಕಡೆ ಹೋದರೂ ಯಾರ ಕೈಯೂ ಪೂರ್ತಿ ಬರಿದಾಗುವುದಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಷ್ಟು ದೂರದ ಮಾತು ಬೇಡ. ಮಳೆಗಾಲದ ನಿಷೇಧ ನಮಗೂ ಗೋವಾಕ್ಕೂ ಜೂನ್ 1ರಿಂದ 61 ದಿನ, ಕೇರಳದ ಟ್ರಾಲಿಂಗ್ ನಿಷೇಧ 52 ದಿನ. ಮರಿಮೀನಿಗೆ ಕನಿಷ್ಠ ಉದ್ದ ಅಂತ ಕೇರಳ 2015ರಲ್ಲೇ ನಿಯಮ ತಂದಿತು: ತಾರ್ಲೆಗೆ 10 ಸೆಂಟಿಮೀಟರ್, ಬಂಗಡೆಗೆ 14. ಅಲ್ಲಿ ಇಳಿಸಲಾಗದ ಮರಿಯನ್ನು ಇನ್ನೊಂದು ಬಂದರಿನಲ್ಲಿ ಇಳಿಸಿ ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಕಳಿಸುವ ಹಾಗಿದ್ದರೆ ಆ ನಿಯಮ ಇದ್ದೇನು ಬಂತು?

ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಬಿರುಗಾಳಿಯ ದಿನಗಳು. 2019ರ ಕ್ಯಾರ್ ಚಂಡಮಾರುತದಂಥ ಹೊತ್ತಿನಲ್ಲಿ ಹೊರ ರಾಜ್ಯದ ಬೋಟುಗಳೂ ಬೈತಖೋಲ್‌ಗೆ ಬಂದು ಲಂಗರು ಹಾಕುತ್ತವೆ. ಆಗ ಯಾರೂ ಯಾವ ರಾಜ್ಯ ಅಂತ ಕೇಳುವುದಿಲ್ಲ. ಬೇರೆ ಕೆಲಸ ಇರುವುದಿಲ್ಲ, ಚಾ ಕುಡಿಯುತ್ತಾ ಕೂತಿರುತ್ತಾರೆ. ಯಾವ ತಿಂಗಳಲ್ಲಿ ತಾರ್ಲೆ ಎಲ್ಲಿತ್ತು, ಗಿರಾಕಿಯಿಲ್ಲದ ಕಾರ್ಗಿಲ್ ಮೀನು (ಟ್ರಿಗರ್‌ಫಿಶ್) ಯಾರ ಬಲೆಗೆ ಬಿತ್ತು ಅಂತ ಕೇಳದೆಯೇ ಹೇಳುತ್ತಾರೆ. (ಕಾರ್ಗಿಲ್ ಮೀನಿನ ಹೆಸರು ಎತ್ತಿದರೆ ಮೊದಲು ಬರುವುದು ಬೈಗುಳ.) ನಾನು ಬೋಟಿನ ನಂಬರ್ ಬರೆಯುವುದಿಲ್ಲ ಅಂತ ಅವರಿಗೆ ಗೊತ್ತು. ಅದೇ ಮುಖ್ಯ.

ಈಗ ದಕ್ಷಿಣ ಗೋವಾದಲ್ಲಿ ಇದೇ ಕೆಲಸ ಮಾಡುವ ಒಬ್ಬರ ಜೊತೆ ಲೆಕ್ಕ ಅದಲುಬದಲು ಮಾಡಿಕೊಳ್ಳುತ್ತೇನೆ. ಶುರುವಿನಲ್ಲೇ ಒಂದು ಎಡವಟ್ಟು ಕಂಡಿತು. ಅವರ ಬಂಗಡೆ ಎಲ್ಲ ನಮ್ಮದಕ್ಕಿಂತ ಗಿಡ್ಡ! ನೋಡಿದರೆ ಅವರು ಬಾಲದ ಕವಲಿನವರೆಗೆ ಅಳೆಯುತ್ತಾರೆ, ನಾವು ಬಾಲದ ತುದಿವರೆಗೆ. 14 ಸೆಂಟಿಮೀಟರಿನ ಮೀನಿಗೆ ಒಂದು ಸೆಂಟಿಮೀಟರಿಗೂ ಮಿಕ್ಕಿ ವ್ಯತ್ಯಾಸ. ಆಗಸ್ಟ್‌ನಲ್ಲಿ ಬೋಟುಗಳು ಇಳಿಯುವ ಮೊದಲು ಇಬ್ಬರೂ ತುದಿವರೆಗೇ ಅಳೆಯುವುದು ಅಂತ ಮಾತಾಗಿದೆ. ಹಳೆಯ ಪುಟಗಳನ್ನು ತಿದ್ದುವವರು ಯಾರು ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ.